ಪ್ರತಿಕ್ರಿಯೆ: ಬೈಪಾಸ್ ಆದವ್ರಿಗೆ ಪಾಸಿಟಿವ್ ಥಿಂಕಿಂಗ್ ಕೆಲಸಕ್ಕೆ ಬರುತ್ತಾ?

ನಿಮ್ ತಂದೆಗೆ ಬೈಪಾಸ್ ಆಗಿದೆ, ನೆಂಟ್ರೆಲ್ಲಾ ಪಾಸಿಟಿವ್ ಆಗಿರಿ ಅಂತಿದಾರೆ, ಇದಕ್ಕೆ ರಿಸರ್ಚ್ ಏನಾದ್ರೂ ಇದ್ಯಾ ಅಂತ ಕೇಳಿದ್ರಲ್ಲ, ಇದೆ. ಅಮೆರಿಕಾದ ಕಾರ್ನೆಗೀ ಮೆಲನ್ ಯೂನಿವರ್ಸಿಟಿಯ ಸೈಕಾಲಜಿ ಪ್ರೊಫೆಸರ್ ಮೈಕೆಲ್ ಶೈಯರ್, ಚಾರ್ಲ್ಸ್ ಕಾರ್ವರ್ ಮತ್ತಿತರರ ಜೊತೆ ಸೇರಿ 1989ರಲ್ಲಿ ಬೈಪಾಸ್ ಆದ ಗಂಡಸರ ಮೇಲೇ ಒಂದು ಸ್ಟಡಿ ಪಬ್ಲಿಶ್ ಮಾಡಿದ್ರು, ಆಪರೇಷನ್‌ಗೆ ಮುಂಚೆನೇ ಯಾರು ಎಷ್ಟು ಆಶಾವಾದಿ ಅಂತ ಅಳೆದಿಟ್ಕೊಂಡು ಆಮೇಲೆ ನೋಡಿದ್ರೆ ಆಶಾವಾದಿಗಳೇ ಹೆಚ್ಚಾಗಿ ಬೇಗ ಚೇತರಿಸ್ಕೊಂಡಿದ್ರು, ಆರು ತಿಂಗಳಾದ್ಮೇಲೂ ಅವ್ರ ಜೀವನ ಚೆನ್ನಾಗಿತ್ತು. ಆದ್ರೆ ನನಗೆ ಬಹಳ ಮುಖ್ಯ ಅನ್ಸೋದು ಏನಂದ್ರೆ ಅವ್ರು ಸುಮ್ನೆ ನಗ್ತಾ ಕೂತವ್ರಲ್ಲ, ಮುಂದೆ ಏನ್ಮಾಡ್ಬೇಕು ಅಂತ ಮೊದಲೇ ಪ್ಲಾನ್ ಹಾಕ್ಕೊಂಡವ್ರು. ಅದಕ್ಕೇ ತಂದೆ ಭಯ ಆಗ್ತಿದೆ ಅಂದ್ರೆ ಬಾಯಿ ಮುಚ್ಚಿಸ್ಬೇಡಿ ಪ್ಲೀಸ್, ಕೇಳಿಸ್ಕೊಳ್ಳಿ, ಡಾಕ್ಟರ್ ಒಪ್ಪಿದ್ಮೇಲೆ ದಿನಾ ವಾಕಿಂಗ್‌ಗೆ ಜೊತೆಲಿ ಹೋಗಿ.