ಚಿನ್ನಿ ಗಬ್ಬವೋ, ಕಾಯಿಲೆಯೋ?

ಪ್ರಶ್ನೆ: ಸೋಮವಾರಪೇಟೆ ತಾಲ್ಲೂಕಿನಲ್ಲಿ ನಮ್ಮದು ಸಣ್ಣ ಕಾಫಿ ತೋಟ. ಮನೆಯ ಹಿಂದೆ ಮೂರು ಹಂದಿ ಸಾಕಿದ್ದೇನೆ. ಅದರಲ್ಲಿ ಚಿನ್ನಿ ಯಾರ್ಕ್‌ಶೈರ್ ಮಿಶ್ರತಳಿಯ ಹೆಣ್ಣು, ವಯಸ್ಸು ಒಂಬತ್ತು ತಿಂಗಳು. ಒಂದೂವರೆ ತಿಂಗಳ ಹಿಂದೆ ಪಕ್ಕದ ತೋಟದವರ ಗಂಡುಹಂದಿಯ ಬಳಿ ಬಿಟ್ಟಿದ್ದೆವು. ಆಮೇಲೆ ಬೆದೆಗೆ ಬಂದಂತೆ ಕಾಣಲಿಲ್ಲ. ನಿನ್ನೆಯಿಂದ ತೊಟ್ಟಿಗೆ ಮೂತಿ ಹಾಕುತ್ತಿಲ್ಲ, ಮೂಲೆಯಲ್ಲಿ ಮಲಗಿಯೇ ಇದೆ. ಮಲ ಆಡಿನ ಹಿಕ್ಕೆಯ ಹಾಗೆ ಗಟ್ಟಿಯಾಗಿದೆ. ಬಾಲದ ಕೆಳಗೆ ಕೆಂಪಾಗಿ ಸ್ವಲ್ಪ ಊದಿದೆ. ಹೋಟೆಲಿನ ಮುಸುರೆ, ಜೊತೆಗೆ ಮಳೆಯಲ್ಲಿ ನೆನೆದ ಮೆಕ್ಕೆಜೋಳದ ನುಚ್ಚು ಹಾಕುತ್ತೇವೆ. ಹಸುವಿಗೆಂದು ತಂದ ಎರಡು ಇಂಜೆಕ್ಷನ್ ಉಳಿದಿವೆ, ಅದನ್ನೇ ಚುಚ್ಚಿಸಿ ಎನ್ನುತ್ತಾರೆ ನೆರೆಯವರು. ಗಬ್ಬ ನಿಂತಿದೆಯೇ ಎಂದು ತಿಳಿಯುವುದು ಹೇಗೆ? ಈಗ ಏನು ಮಾಡಲಿ?
– ಓದುಗರೊಬ್ಬರು

ಉತ್ತರ: ನಿಮ್ಮ ಪತ್ರ ಕೈಸೇರಿದ ಸಂಜೆಯೇ ಫೋನಿನಲ್ಲಿ ಮಾತನಾಡಿದ್ದೇವೆ. ಇಂಥ ತೊಂದರೆ ಬೇರೆ ಮನೆಗಳಲ್ಲೂ ಇರುವುದರಿಂದ ಆ ಮಾತನ್ನೆಲ್ಲ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ ಇಂಜೆಕ್ಷನ್ ವಿಚಾರ. ಅದನ್ನು ಮುಟ್ಟಲೇಬೇಡಿ. ಹಸುವನ್ನು ಬೆದೆಗೆ ತರಲು ಕೊಡುವ ಔಷಧಗಳಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬುದೊಂದಿದೆ. ಹಂದಿಯ ಗಬ್ಬ ಮೊದಲಿನಿಂದ ಕೊನೆಯವರೆಗೂ ಅಂಡಾಶಯದಲ್ಲಿನ ಹಳದಿ ಕಾಯಗಳಿಂದ ಬರುವ ಹಾರ್ಮೋನನ್ನೇ ನಂಬಿ ನಿಂತಿರುತ್ತದೆ. ಈ ಔಷಧ ಆ ಕಾಯಗಳನ್ನೇ ಕರಗಿಸಿಬಿಡುತ್ತದೆ, ಗಬ್ಬ ಇಳಿದುಹೋಗುತ್ತದೆ. ಬಸುರಿ ಹೆಂಗಸರು, ಉಬ್ಬಸ ಇರುವವರು ಅದರ ಬಾಟಲಿಯನ್ನು ಕೈಯಲ್ಲೂ ಹಿಡಿಯಬಾರದು. ನಿಮ್ಮಲ್ಲಿ ಉಳಿದಿರುವುದು ಅದೇ ಔಷಧವೋ ಬೇರೆಯೋ ಎಂಬುದು ಮುಖ್ಯವಲ್ಲ. ಕಾಯಿಲೆ ಯಾವುದೆಂದು ಗೊತ್ತಾಗದೆ ಚುಚ್ಚಿದ ಸೂಜಿಯಿಂದ ಚಿನ್ನಿಗೆ ಒಳ್ಳೆಯದಾಗುವುದಿಲ್ಲ. ಚಿನ್ನಿ ಗಬ್ಬವಾಗಿದೆ ಎಂದುಕೊಂಡೇ ಔಷಧ ಆರಿಸಬೇಕು, ಆದರೆ ಕಾಯಿಲೆಯನ್ನು ಗಬ್ಬದ ಲಕ್ಷಣವೆಂದು ತಳ್ಳಿಹಾಕಬಾರದು. ಗಬ್ಬ ನಿಂತ ಹಂದಿ ಎರಡು ದಿನ ಮೇವು ಬಿಟ್ಟು ಮೂಲೆ ಹಿಡಿಯುವುದಿಲ್ಲ. ಹಾಗೆ ಮಾಡಿದರೆ ಬೇರೇನೋ ಇದೆ.

ಆ ಬೇರೇನೋ ಯಾವುದೆಂದು ಹುಡುಕಲು ಥರ್ಮಾಮೀಟರ್ ಬೇಕು. ಔಷಧದ ಅಂಗಡಿಯಲ್ಲಿ ಸಿಗುವ ಸಾಮಾನ್ಯ ಡಿಜಿಟಲ್ ಥರ್ಮಾಮೀಟರ್ ಸಾಕು, ಆದರೆ ಅದನ್ನು ಹಂದಿಗೆಂದೇ ಇಟ್ಟುಕೊಳ್ಳಿ. ಹಿಂಬದಿಗೆ ಒಂದು ದಾರ ಕಟ್ಟಿ, ತುದಿಗೆ ಕೊಬ್ಬರಿ ಎಣ್ಣೆ ಸವರಿ. ಬೆಳಗಿನ ತಂಪಿನಲ್ಲಿ ಹಂದಿ ಮಲಗಿರುವಾಗ ಹೊಟ್ಟೆಯ ಪಕ್ಕ ನಿಧಾನವಾಗಿ ಕೆರೆಯುತ್ತಾ ಕುಳಿತರೆ ಅದು ಕಾಲು ಚಾಚಿ ಕಣ್ಣು ಮುಚ್ಚುತ್ತದೆ. ಆಗ ಗುದದ್ವಾರದೊಳಗೆ ಇಟ್ಟು, ಬೀಪ್ ಸದ್ದು ಬರುವವರೆಗೆ ಹಿಡಿದುಕೊಳ್ಳಿ. ಅಟ್ಟಿಸಿಕೊಂಡು ಹೋಗಿ ಹಿಡಿದ ಹಂದಿಯ ಮೈ ಆ ಓಟದಿಂದಲೇ ಬಿಸಿಯಾಗಿರುತ್ತದೆ, ಆ ಅಳತೆ ಕೆಲಸಕ್ಕೆ ಬಾರದು. 101.5ರಿಂದ 103 ಡಿಗ್ರಿ ಫ್ಯಾರನ್‌ಹೀಟ್‌ವರೆಗೆ ಸಹಜ. 104 ದಾಟಿದರೆ ಜ್ವರ. ಚಿನ್ನಿಗೆ ನೀವು ಅಳೆದು ಹೇಳಿದ್ದು 104.4. ಆದ್ದರಿಂದಲೇ ಆ ರಾತ್ರಿಯೇ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಬೆಳಗ್ಗೆ ಸಂಚಾರಿ ಪಶು ಚಿಕಿತ್ಸಾ ವಾಹನ ಬರುವಂತೆ ನೋಡಿಕೊಳ್ಳಿ ಎಂದೆ. ಕರೆ ಮಾಡುವಾಗ ಜ್ವರದ ಅಂಕಿ, ಗಂಡಿನ ಬಳಿ ಬಿಟ್ಟ ತಾರೀಖು, ಹಂದಿಜ್ವರದ ಲಸಿಕೆ ಹಾಕಿಸಿದ್ದು ಯಾವಾಗ, ಈ ಮೂರನ್ನು ಹೇಳಿದರೆ ವೈದ್ಯರ ಅರ್ಧ ಕೆಲಸ ಮುಗಿಯುತ್ತದೆ.

ಇನ್ನು ನನಗೆ ಬಹಳ ಸಿಟ್ಟು ತರಿಸುವ ಒಂದು ಸಂಗತಿ. ಮಲಬದ್ಧತೆ ಕಂಡ ಕೂಡಲೇ ನಮ್ಮವರು ಹಸುವಿಗೆ ಮಾಡುವಂತೆ ಗೊಟ್ಟ (ಔಷಧ ಕುಡಿಸುವ ಬಿದಿರಿನ ಕೊಳವೆ) ಹಿಡಿದು ಹಂದಿಯ ಬಾಯಿಗೆ ಎಣ್ಣೆ, ಕಷಾಯ ಹೊಯ್ಯುತ್ತಾರೆ. ಹಂದಿಯನ್ನು ಹಿಡಿದೊಡನೆ ಅದು ಕಿರುಚುತ್ತದೆ. ಕಿರುಚುವಾಗ ಹೊಯ್ದ ದ್ರವ ನೇರ ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುತ್ತದೆ. ಮಲಬದ್ಧತೆಯಿಂದ ಸಾಯದ ಹಂದಿ ಗೊಟ್ಟದಿಂದ ಸತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಗೊಟ್ಟ ಬೇಡ. ತೌಡನ್ನು ಬಿಸಿನೀರಿನಲ್ಲಿ ಕಲಸಿ, ಉಗುರುಬೆಚ್ಚಗಾದ ಮೇಲೆ ಚಿಟಿಕೆ ಬೆಲ್ಲ ಸೇರಿಸಿ ಮುಂದಿಡಿ. ಗೆಣಸಿನ ಬಳ್ಳಿ, ಸಿಹಿಗುಂಬಳದ ಹೋಳು ಕೊಡಿ. ತಿನ್ನದಿದ್ದರೆ ಬಲವಂತ ಬೇಡ. ಜ್ವರ ಇಳಿದರೆ ತಾನೇ ಮೂತಿ ಹಾಕುತ್ತದೆ.

ನೀರಿನ ತೊಟ್ಟಿ ತುಂಬಿದೆಯೇ ಎಂದು ನಾನು ಕೇಳಿದಾಗ ನೀವು ಸ್ವಲ್ಪ ತಡೆದು ಉತ್ತರಿಸಿದಿರಿ. ಮುಸುರೆಯಲ್ಲೇ ನೀರಿದೆಯಲ್ಲ ಎಂಬ ಭಾವನೆ ಎಲ್ಲರಲ್ಲೂ ಇದೆ. ಹೋಟೆಲಿನ ಮುಸುರೆಯಲ್ಲಿ ಸಾಂಬಾರು, ಉಪ್ಪಿನಕಾಯಿ ಸೇರಿ ಉಪ್ಪು ವಿಪರೀತ. ಕುಡಿಯಲು ಬೇರೆ ನೀರಿಲ್ಲದಿದ್ದರೆ ಆ ಉಪ್ಪು ಮೆದುಳಿಗೆ ಏರುತ್ತದೆ. ಹಂದಿ ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆ, ಕುರುಡಾದಂತೆ ಅಲೆಯುತ್ತದೆ, ಕೊನೆಗೆ ಸೆಳವು ಬರುತ್ತದೆ. ಅಂಥ ಹಂದಿಗೆ ಒಮ್ಮೆಲೇ ಬಕೆಟ್ ನೀರು ಇಟ್ಟರೆ ಮೆದುಳು ಊದಿಕೊಳ್ಳುತ್ತದೆ. ಸ್ವಲ್ಪ ಸ್ವಲ್ಪವೇ, ಆಗಾಗ ಕೊಡಬೇಕು. ಚಿನ್ನಿಗೆ ಈ ಲಕ್ಷಣ ಇಲ್ಲ. ಆದರೂ ದಿನಕ್ಕೆ ಹತ್ತು-ಹದಿನೈದು ಲೀಟರ್ ಶುದ್ಧ ನೀರು ಅದಕ್ಕೆ ಎಟುಕುವಂತೆ ಇರಲಿ.

ಆ ಮುಸುರೆಯನ್ನು ಅರ್ಧ ಗಂಟೆ ಕುದಿಸದೆ ಹಾಕಲೇಬಾರದು. ಆಫ್ರಿಕನ್ ಹಂದಿಜ್ವರ 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡು 2022ರ ಹೊತ್ತಿಗೆ ನಿಮ್ಮ ಪಕ್ಕದ ವಯನಾಡಿಗೂ ಬಂತು. ಮನುಷ್ಯರಿಗೆ ಅದು ತಗಲುವುದಿಲ್ಲ, ಆದರೆ ಹೊಕ್ಕ ಗೂಡಿನಲ್ಲಿ ಹಂದಿ ಉಳಿಯುವುದು ಕಷ್ಟ. ಹಸಿ ಹಂದಿಮಾಂಸದ ಚೂರು ಮುಸುರೆಯಲ್ಲಿ ಬಂದರೂ ಸಾಕು. ಕಿವಿ, ಹೊಟ್ಟೆಯ ಚರ್ಮ ನೀಲಿಗೆಂಪಾದರೆ, ಮೂಗಿನಲ್ಲಿ ಅಥವಾ ಮಲದಲ್ಲಿ ರಕ್ತ ಕಂಡರೆ, ಉಳಿದ ಎರಡೂ ಹಂದಿಗಳು ಮಲಗಿಬಿಟ್ಟರೆ ಕೂಡಲೇ ಪಶುವೈದ್ಯರಿಗೆ ತಿಳಿಸಿ. ಮಾರಬೇಡಿ, ಕಡಿಯಬೇಡಿ, ಹೊಳೆಗೆ ಎಸೆಯಬೇಡಿ. ವೈದ್ಯರು ನೋಡಿ ಹೇಳುವವರೆಗೆ ಚಿನ್ನಿಯನ್ನು ಬೇರೆಯಾಗಿಡಿ, ಅದರ ಗೂಡಿಗೆ ಹೋದ ಚಪ್ಪಲಿಯಲ್ಲಿ ಪಕ್ಕದ ತೋಟಕ್ಕೆ ಕಾಲಿಡಬೇಡಿ.

ಈಗ ಗಬ್ಬದ ಪ್ರಶ್ನೆ. ಹಂದಿ ಸುಮಾರು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ. ಎರಡು ಸುತ್ತು ತಪ್ಪಿದೆ ಎಂದರೆ ಗಬ್ಬವೆಂದು ಊಹಿಸಬಹುದು. ಆದರೆ ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ನೆನೆದ ಮೆಕ್ಕೆಜೋಳ. ಬೂಷ್ಟು ಹಿಡಿದ ಜೋಳದಲ್ಲಿ ಜಿಯರಲೆನೋನ್ ಎಂಬ ವಿಷ ಬೆಳೆಯುತ್ತದೆ. ಅದು ದೇಹದೊಳಗೆ ಹೆಣ್ಣಿನ ಹಾರ್ಮೋನಿನಂತೆ ವರ್ತಿಸುತ್ತದೆ. ಪ್ರಾಯದ ಹೆಣ್ಣುಹಂದಿಗಳಿಗೆ ಬಾಲದ ಕೆಳಗೆ ಕೆಂಪಾಗಿ ಊದುವುದು ಇದರಿಂದಲೇ ಇರಬಹುದು. ಗಬ್ಬವಿಲ್ಲದೆಯೂ ಬೆದೆ ನಿಂತು ಗಬ್ಬವಾದಂತೆ ಕಾಣುವುದಕ್ಕೂ ಇದು ಕಾರಣವಾಗುತ್ತದೆ. ಆ ಮೂಟೆಯನ್ನು ಇಂದೇ ಬೇರೆ ಮಾಡಿ, ಕೋಳಿಗೂ ಹಾಕಬೇಡಿ. ಹೊಟ್ಟೆ ನೋಡಿ ಗಬ್ಬ ಹೇಳುವುದು ಈಗ ಸಾಧ್ಯವಿಲ್ಲ, ಅದು ಕೊನೆಯ ತಿಂಗಳವರೆಗೂ ಅಷ್ಟಾಗಿ ಗೊತ್ತಾಗುವುದಿಲ್ಲ. ಒಂದು ತಿಂಗಳು ದಾಟಿರುವುದರಿಂದ ಸ್ಕ್ಯಾನ್ ಮಾಡಿದರೆ ಸ್ಪಷ್ಟವಾಗಿ ತಿಳಿಯುತ್ತದೆ. ಜ್ವರ ಬಿಟ್ಟ ಮೇಲೆ ವೈದ್ಯರಲ್ಲಿ ಅದನ್ನು ಕೇಳಿ.

ಜೋರು ಜ್ವರದಲ್ಲಿ ಗಬ್ಬ ಹೋಗುವ ಸಂಭವವೂ ಇದೆ, ಇದನ್ನು ನಿಮ್ಮಿಂದ ಮುಚ್ಚಿಡಲಾರೆ. ಹಾಸಿನ ಹುಲ್ಲಿನಲ್ಲಿ ರಕ್ತದ ಕಲೆ, ಮಾಂಸದ ತುಣುಕು ಅಥವಾ ಕೀವು ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಇಲಿಮೂತ್ರದಿಂದ ಹರಡುವ ಲೆಪ್ಟೊಸ್ಪೈರಾ ಎಂಬ ರೋಗಾಣು ಹಂದಿಯ ಗಬ್ಬವನ್ನೂ ಕೆಡಿಸುತ್ತದೆ, ಗಾಯವಿರುವ ಕೈಯ ಮೂಲಕ ನಿಮಗೂ ಬರುತ್ತದೆ. ಗ್ಲೌಸ್ ಹಾಕಿಕೊಂಡು ಒಂದು ಚೂರನ್ನು ವೈದ್ಯರಿಗಾಗಿ ಮಂಜುಗಡ್ಡೆಯಲ್ಲಿಟ್ಟು, ಉಳಿದದ್ದನ್ನು ಸುಣ್ಣ ಹಾಕಿ ಆಳವಾಗಿ ಹೂಳಿ.

ಮರುದಿನ ವೈದ್ಯರು ಬಂದು ಇಂಜೆಕ್ಷನ್ ಕೊಟ್ಟ ಮೇಲೆ ಚಿನ್ನಿ ಎದ್ದು ತೌಡು ನೆಕ್ಕಿತು ಎಂದು ನೀವು ತಿಳಿಸಿದಾಗ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಾಗೆಂದು ಔಷಧದ ಕೋರ್ಸ್ ಅರ್ಧಕ್ಕೆ ನಿಲ್ಲಿಸಬೇಡಿ. ಹಂದಿಯ ಗಬ್ಬ ಸುಮಾರು 114 ದಿನ, ಅಂದರೆ ಗಬ್ಬ ನಿಂತಿದ್ದರೆ ಚಿನ್ನಿಗೆ ಇನ್ನೂ ಹತ್ತು ವಾರದಷ್ಟು ಬಾಕಿ. ದಿನಕ್ಕೆ ಎರಡು, ಎರಡೂವರೆ ಕಿಲೋ ಒಳ್ಳೆಯ ಮೇವು ಸಾಕು, ಗಬ್ಬವೆಂದು ಹೆಚ್ಚು ತಿನ್ನಿಸಿ ಕೊಬ್ಬಿಸಬೇಡಿ. ಜಂತುಹುಳುವಿನ ಮಾತ್ರೆಯನ್ನು ಅಂಗಡಿಯಿಂದ ನೀವೇ ತರಬೇಡಿ. ಆಲ್ಬೆಂಡಜೋಲ್ ಗಬ್ಬದ ಆರಂಭದಲ್ಲಿ ಮರಿಗಳಿಗೆ ಅಪಾಯಕಾರಿ. ಸ್ಕ್ಯಾನ್ ಆದ ಮೇಲೆ ಫಲಿತಾಂಶ ತಿಳಿಸಿ. ಗಬ್ಬ ಖಚಿತವಾದರೆ ಮರಿ ಹಾಕುವ ಗೂಡಿನ ಅಳತೆ, ಮರಿಗಳಿಗೆ ಮೊದಲ ವಾರದಲ್ಲಿ ಕೊಡಿಸಬೇಕಾದ ಕಬ್ಬಿಣಾಂಶದ ಇಂಜೆಕ್ಷನ್ ಇವುಗಳ ಬಗ್ಗೆ ನಿಮಗೆ ಬರೆಯುತ್ತೇನೆ.