ತಮ್ಮನಿಗೆ ಅಪಘಾತ ಮರೆಸೋದು ಹೇಗೆ?

ಕಾರು ವಿ.ಸಿ. ನಾಲೆಗೆ ಬಿದ್ದು ತಮ್ಮ ಒಬ್ಬನೇ ಉಳಿದು ಎರಡು ತಿಂಗಳಾಯ್ತು, ನಿದ್ದೆ ಇಲ್ಲ, ಕಾರು ಹತ್ತಲ್ಲ ಅಂದಿದ್ದೀರಿ. ನಾನೂ ಹಾಗೆ ಒಬ್ಬನೇ ಉಳಿದವನು. ಅಕ್ಕ, ಮರೆಸೋ ಪ್ರಯತ್ನ ಬಿಡಿ.

"ದೇವರು ಉಳಿಸಿದ" ಅನ್ನೋದನ್ನೂ ಮನೇಲಿ ನಿಲ್ಲಿಸಿ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ 242 ಜನರಿದ್ದ ವಿಮಾನದಿಂದ ಒಬ್ಬರೇ ಬದುಕಿ ಬಂದಾಗ ಎಲ್ಲರೂ ಪವಾಡ ಅಂದ್ರು. ಅವರ ಒಡಹುಟ್ಟಿದವರು ಅದೇ ವಿಮಾನದಲ್ಲಿ ತೀರಿಹೋಗಿದ್ದರು. ಉಳಿದವನ ಕಿವಿಗೆ ಆ ಮಾತು "ಮಿಕ್ಕವರನ್ನ ದೇವರೇ ಕೈಬಿಟ್ಟ" ಅಂತ ಬೀಳುತ್ತೆ.

ತಿಂಗಳು ದಾಟಿದ ಮೇಲೂ ಕೆಟ್ಟ ಕನಸು, ಬೆಚ್ಚಿಬೀಳೋದು ನಿಂತಿಲ್ಲ ಅಂದ್ರೆ ಪಿಟಿಎಸ್‌ಡಿ, ಅಂದ್ರೆ ದೊಡ್ಡ ಆಘಾತದ ನಂತರ ಉಳಿದುಬಿಡೋ ಮನಸ್ಸಿನ ಕಾಯಿಲೆ ಇರಬಹುದು. ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ತೋರಿಸಿ. ಬರೀ ನಿದ್ದೆ ಮಾತ್ರೆಗೆ ಒಪ್ಪಬೇಡಿ. ಆಘಾತಕ್ಕೆಂದೇ ಇರುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸೋ ಮಾತಿನ ಚಿಕಿತ್ಸೆ) ಅಥವಾ ಇಎಂಡಿಆರ್ (ಕಣ್ಣು ಆಡಿಸ್ತಾ ಆ ನೆನಪನ್ನ ಹಗುರ ಮಾಡೋ ಚಿಕಿತ್ಸೆ) ಕೇಳಿ, ಸಾಮಾನ್ಯವಾಗಿ 8ರಿಂದ 12 ಸಿಟ್ಟಿಂಗ್ ಆಗುತ್ತೆ.

ಸಿಬಿಟಿಯಲ್ಲಿ ಭಯದ ಪಟ್ಟಿ ಮಾಡಿಸ್ತಾರೆ, ಪ್ರತಿಯೊಂದಕ್ಕೂ 100ಕ್ಕೆ ಇಷ್ಟು ಅಂತ ಅಂಕ. ನಿಂತ ಕಾರಲ್ಲಿ ಕೂರೋದು 30, ಎಂಜಿನ್ ಆನ್ ಮಾಡೋದು 45, ಬಡಾವಣೆ ಒಳಗೆ ಒಂದು ಸುತ್ತು 60, ನಾಲೆ ಪಕ್ಕದ ರಸ್ತೆ 95, ಹೀಗೆ. ಕೆಳಗಿನಿಂದ ಶುರು. ಎಲ್ಲ ಕೆಡೋದು ಒಂದೇ ಕಡೆ: ಎದೆ ಡವಗುಟ್ಟಿದ ತಕ್ಷಣ ಮನೆಯವರು ಪಾಪ ಅಂತ ಇಳಿಸಿಬಿಡ್ತಾರೆ. ಭಯ ತುತ್ತತುದೀಲಿರುವಾಗ ಇಳಿದ್ರೆ "ಇಳಿದಿದ್ದಕ್ಕೇ ಬದುಕಿದೆ" ಅಂತ ಮೈ ಕಲಿಯುತ್ತೆ, ಮುಂದಿನ ಸಲ ಇನ್ನೂ ಕಷ್ಟ. ಅಂಕ ಅರ್ಧಕ್ಕೆ ಇಳಿಯೋವರೆಗೂ ಕೂರಬೇಕು, ಅರ್ಧ ಮುಕ್ಕಾಲು ಗಂಟೆಯಾದ್ರೂ ಸರಿ. ಇನ್ನೊಂದು ಗಮನಿಸಿ: ಗ್ಲಾಸ್ ಪೂರ್ತಿ ಇಳಿಸಿ, ಬೆಲ್ಟಿನ ಬಟನ್ ಮೇಲೆ ಹೆಬ್ಬೆರಳು ಇಟ್ಟುಕೊಂಡೇ ಕೂತಿರ್ತಾನೆ. ಹಾಗೆ ತಪ್ಪಿಸಿಕೊಳ್ಳೋಕೆ ತಯಾರಾಗಿ ಗಂಟೆಗಟ್ಟಲೆ ಕೂತ್ರೂ ಭಯ ಕರಗಲ್ಲ. ಮೊದಲು ಕೈ ತೊಡೆ ಮೇಲೆ ಬರಲಿ, ಆಮೇಲೆ ಗ್ಲಾಸ್ ಮೇಲೇರಲಿ.

"ನಾನೂ ಹೋಗಬೇಕಿತ್ತು" ಅಂದ್ರೆ, ಸಾಯೋ ಯೋಚನೆ ಬರ್ತಿದೆಯಾ ಅಂತ ನೇರ ಕೇಳಿ. ಕೇಳಿದ್ರೆ ತಲೆಗೆ ತುಂಬಿದ ಹಾಗೆ ಅಂತ ಹೆದರಬೇಡಿ. ಹೌದು ಅಂದ್ರೆ ನಾಲೆ ಕಡೆ ಸುಳಿಯೋದೇ ಬೇಡ, ಒಬ್ಬನನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ.

ತೀರಿಕೊಂಡವರ ಮನೆಗೆ ಬಲವಂತವಾಗಿ ಕರ್ಕೊಂಡು ಹೋಗಬೇಡಿ. ಅವನೇ ಹೊರಟ್ರೆ, "ಕೊನೇಲಿ ನನ್ನ ಮಗ ಏನಂದ?" ಅಂತ ಆ ತಾಯಿ ಕೇಳೇ ಕೇಳ್ತಾರೆ. ಎರಡೇ ವಾಕ್ಯದ ನಿಜವಾದ ಉತ್ತರ ಮೊದಲೇ ಯೋಚಿಸಿಕೊಂಡಿರಲಿ. ನೆನಪಿಲ್ಲ ಅಂದ್ರೆ ನೆನಪಿಲ್ಲ ಅಂತಲೇ ಹೇಳಲಿ.