ಹರಕೆ ಅತ್ತೆಯದು, ಪ್ರಶ್ನೆ ಸೊಸೆಯದು

ಆಗಸ್ಟ್ ಹತ್ತಿರ ಬಂತೆಂದರೆ ತಮಿಳುನಾಡಿನ ಕಡಲ ದಡದಲ್ಲಿರುವ ಮೇರಿ ಮಾತೆಯ ಪುಣ್ಯಕ್ಷೇತ್ರ ವೇಳಾಂಕಣಿಯ ಬಗ್ಗೆ ಕೇಳುವ ಪತ್ರಗಳು ಜಾಸ್ತಿಯಾಗುತ್ತವೆ. ಈ ಸಲವಂತೂ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಬಾಡಿಗೆದಾರರ ಜಗಳ, ಮಗನ ಮದುವೆಯ ಚಿಂತೆ ಬರೆದವರು ಒಂದು ತಿಂಗಳು ತಾಳಿಕೊಳ್ಳಿ. ಹೊಸ ಓದುಗರಿಗೆ ಒಂದು ಮಾತು: ನಾನು ಕನಕಪುರ ಸೀಮೆಯ ಕನ್ನಡ ಕಥೋಲಿಕರ ಮನೆಯವಳು. ರಾಗಿ ಬಿತ್ತನೆ ಮುಗಿದ ಮೇಲೆ ವೇಳಾಂಕಣಿಗೆ ಗಾಡಿ ಗೊತ್ತು ಮಾಡುವುದು ನಮ್ಮೂರಿನಲ್ಲಿ ಮುಂದಿನ ಕೆಲಸ. ಆದ್ದರಿಂದ ಕೇಳಿದ್ದಕ್ಕಿಂತ ಕಂಡದ್ದನ್ನೇ ಬರೆಯುತ್ತೇನೆ.

*

ನಾವು ಲಿಂಗಾಯತರು. ನನ್ನ ಮಗು ದಿನ ತುಂಬುವ ಮೊದಲೇ ಹುಟ್ಟಿ ಗಾಜಿನ ಪೆಟ್ಟಿಗೆಯಲ್ಲಿದ್ದಾಗ, ಆಸ್ಪತ್ರೆಯಲ್ಲಿ ಯಾರೋ ಹೇಳಿದರೆಂದು ನಮ್ಮತ್ತೆ ವೇಳಾಂಕಣಿಗೆ ಹರಕೆ ಹೊತ್ತರು. ಈಗ ಮಗು ಓಡಾಡುತ್ತಿದೆ, ಅತ್ತೆ ಹೊರಡು ಹೊರಡು ಅನ್ನುತ್ತಿದ್ದಾರೆ. ನಮ್ಮನ್ನು ಒಳಗೆ ಬಿಡುತ್ತಾರಾ? ಏನು ಕೊಡಬೇಕು? ಮಗುವಿನ ಮುಡಿ ಕೊಡಿಸಬೇಕಂತೆ, ಕ್ರೈಸ್ತರಲ್ಲಿ ಅದೆಲ್ಲ ಉಂಟಾ?
– ಒಬ್ಬ ಸೊಸೆ, ತಿಪಟೂರು

ಉಂಟು ತಾಯಿ. ಮುಡಿ ತೆಗೆಯುವ ಜಾಗ ಅಲ್ಲೇ ಇದೆ. ತಲೆ ಬೋಳಿಸಿಕೊಂಡು ಸಮುದ್ರದಲ್ಲಿ ಮುಳುಗಿ ಬಂದು, ಕಾವಿ ಬಟ್ಟೆಯಲ್ಲೇ ಗುಡಿಯೊಳಗೆ ನಿಂತವರನ್ನು ದಿನವೂ ನೋಡಬಹುದು. ಕಿವಿ ಚುಚ್ಚಿಸುವವರೂ ಇದ್ದಾರೆ. ಇದು ಮಂಗಳೂರು ಕಡೆಯ ಕೆಲವು ಕೊಂಕಣಿ ಸ್ನೇಹಿತೆಯರಿಗೇ ಸೋಜಿಗ. ಅವರ ಇಗರ್ಜಿಗಳಲ್ಲಿ ಈ ರೂಢಿ ಇಲ್ಲ. ಕಾವೇರಿಯ ಕೊನೆಗೆ ಹೋದಂತೆ ಭಕ್ತಿಯ ಬಣ್ಣ ಬೇರೆ.

ಬಾಗಿಲಲ್ಲಿ ಯಾರೂ ಜಾತಿ ಕೇಳುವುದಿಲ್ಲ, ದರ್ಶನಕ್ಕೆ ಚೀಟಿಯಿಲ್ಲ. ಅತ್ತೆಯವರು ವಿಭೂತಿ ಅಳಿಸಿಕೊಳ್ಳಬೇಕಿಲ್ಲ, ಕರಡಿಗೆ ಕೊರಳಲ್ಲೇ ಇರಲಿ. ಚಪ್ಪಲಿ ಹೊರಗೆ ಬಿಡಿ. ಸೆರಗು ತಲೆಗೆ ಹೊದೆಯುವುದು ಅಲ್ಲಿನ ಹೆಂಗಸರ ರೂಢಿ, ಹೊದೆಯದಿದ್ದರೆ ಯಾರೂ ಬೈಯುವುದಿಲ್ಲ.

ಎಲ್ಲಿಂದ ಶುರು ಮಾಡಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಹೆಚ್ಚಿನವರು ಬಸ್ಸಿಳಿದು ನೇರ ಆ ಬಿಳಿ ಗೋಪುರಗಳತ್ತ ಓಡಿ, ಫೋಟೋ ತೆಗೆದು, ಕಡಲಿಗೆ ಹೋಗಿ, ಮೀನು ತಿಂದು ವಾಪಸ್ ಬರುತ್ತಾರೆ. ನೀವು ಮೊದಲು ಮಾತೆಯ ಕೊಳಕ್ಕೆ ಹೋಗಿ. ಕಥೆ ಹುಟ್ಟಿದ್ದು ಅಲ್ಲಿ. ಹದಿನಾರನೇ ಶತಮಾನದಲ್ಲಿ ಹಾಲು ಮಾರುವ ಹುಡುಗನೊಬ್ಬ ಬಿಸಿಲಿಗೆ ಬಳಲಿ ಆ ಕೊಳದ ಬಳಿ ಆಲದ ನೆರಳಲ್ಲಿ ಮಲಗಿದ್ದನಂತೆ. ಎಳೆಗೂಸು ಎತ್ತಿಕೊಂಡ ಹೆಂಗಸೊಬ್ಬಳು ಬಂದು ಮಗುವಿಗೆ ಹಾಲು ಕೇಳಿದಳು. ಕೊಟ್ಟ. ವರ್ತನೆ ಮನೆಗೆ ತಡವಾಗಿ ಹೋಗಿ, ಹಾಲು ಕಮ್ಮಿಯಿದೆ ಎಂದು ಅಂಜುತ್ತಾ ಮುಚ್ಚಳ ತೆಗೆದರೆ ಕೊಡ ತುಂಬಿ ಚೆಲ್ಲುತ್ತಿತ್ತು. ಇನ್ನೊಂದು ಕಥೆ ನಡುತಿಟ್ಟು ಎಂಬ ಜಾಗದ್ದು. ಅಲ್ಲಿ ಮಜ್ಜಿಗೆ ಮಾರುತ್ತಿದ್ದ ಕುಂಟ ಹುಡುಗನಿಗೆ ಅದೇ ತಾಯಿ, ನಾಗಪಟ್ಟಣಕ್ಕೆ ಹೋಗಿ ಇಂಥವರಿಗೆ ಸುದ್ದಿ ಮುಟ್ಟಿಸು ಅಂದಳು. ಅವನು ಎದ್ದು ಓಡಿದ. ತಾನು ಓಡುತ್ತಿದ್ದೇನೆಂಬುದು ಅವನಿಗೆ ಆಮೇಲೆ ತಿಳಿಯಿತು. ಹಾಲು, ಮಜ್ಜಿಗೆ, ಹಸಿದ ಕೂಸು – ನಿಮ್ಮ ಅತ್ತೆಗೆ ಈ ದೇವಿಯನ್ನು ಬೇರೆ ಯಾರೂ ಪರಿಚಯ ಮಾಡಿಕೊಡಬೇಕಿಲ್ಲ.

ಕೊಳದ ಗುಡಿಗೂ ದೊಡ್ಡ ಗುಡಿಗೂ ನಡುವೆ ಮರಳಿನ ದಾರಿಯಿದೆ. ಹರಕೆ ಹೊತ್ತವರು ಅದರ ಮೇಲೆ ಮಂಡಿಯೂರಿ ಸಾಗುತ್ತಾರೆ, ಪಕ್ಕದಲ್ಲಿ ಮನೆಯವರು ನೀರಿನ ಬಾಟಲಿ ಹಿಡಿದು ನಡೆಯುತ್ತಾರೆ. ಅತ್ತೆ ಅದಕ್ಕೂ ಮನಸ್ಸು ಮಾಡಿದರೆ ಬೆಳಿಗ್ಗೆ ಎಂಟರೊಳಗೆ ಮುಗಿಸಿ. ಆಮೇಲೆ ಮರಳು ಸುಡುತ್ತದೆ.

ಕಾಣಿಕೆಗೆ ದರಪಟ್ಟಿ ಇಲ್ಲ. ಒಂದು ಮೇಣದಬತ್ತಿ ಸಾಕು. ಮಗುವಿನ ಹರಕೆಗೆ ಪುಟ್ಟ ತೊಟ್ಟಿಲು ಕಟ್ಟುತ್ತಾರೆ, ಕೆಲವರು ತೆಂಗಿನ ಸಸಿ ಒಪ್ಪಿಸುತ್ತಾರೆ. ಕೈ, ಕಾಲು, ಕಣ್ಣಿನ ಆಕಾರದ ತಗಡುಗಳು ಅಂಗಡಿಗಳಲ್ಲಿ ಸಿಗುತ್ತವೆ. ಕಾಣಿಕೆಗಳ ವಸ್ತುಸಂಗ್ರಹಾಲಯಕ್ಕೆ ತಪ್ಪದೆ ಹೋಗಿ. ಮನೆ ಕಟ್ಟಿದವರು ಬೆಳ್ಳಿಯ ಮನೆ ಕೊಟ್ಟಿದ್ದಾರೆ, ಕೂಸು ಪಡೆದವರು ತೊಟ್ಟಿಲು ಕೊಟ್ಟಿದ್ದಾರೆ. ಜನರಿಗೆ ಜೀವನದಲ್ಲಿ ಏನೇನು ಬೇಕಿತ್ತು ಎಂಬುದು ಒಂದೇ ಕೋಣೆಯಲ್ಲಿ ಕಾಣುತ್ತದೆ. ನನಗೆ ಗುಡಿಗಿಂತ ಅಲ್ಲೇ ಹೆಚ್ಚು ಹೊತ್ತು ಬೇಕು.

ಮಗುವಿನ ಹೆಸರಲ್ಲಿ ಪೂಜೆ ಒಪ್ಪಿಸಬೇಕೆಂದರೆ ಕಚೇರಿಯಲ್ಲೇ ಬರೆಸಿ, ರಸೀದಿ ಪಡೆಯಿರಿ. ದಾರಿಯಲ್ಲಿ ನಿಂತು ‘ಸ್ಪೆಷಲ್ ಆಶೀರ್ವಾದ’ ಮಾಡಿಸಿಕೊಡುತ್ತೇನೆ ಅನ್ನುವವರಿಗೆ ಕೈ ಮುಗಿದು ಮುಂದೆ ನಡೆಯಿರಿ.

*

ಹೋಗುವುದು ಹೇಗೆ, ಯಾವಾಗ ಹೋದರೆ ಒಳ್ಳೆಯದು? ಹಬ್ಬದ ಜನಜಂಗುಳಿ ತಪ್ಪಿಸಬೇಕೆಂದಿದ್ದೇವೆ.
– ಇಬ್ಬರು ನಿವೃತ್ತರು, ದಾವಣಗೆರೆ

ನಿಮ್ಮದು ಅದೃಷ್ಟದ ಊರು. ಗೋವಾದ ವಾಸ್ಕೋದಿಂದ ವೇಳಾಂಕಣಿಗೆ ವಾರಕ್ಕೊಮ್ಮೆ ಹೊರಡುವ ರೈಲು ಹುಬ್ಬಳ್ಳಿ, ದಾವಣಗೆರೆ ಮೇಲೆಯೇ ಹಾದುಹೋಗುತ್ತದೆ. ವಾರ, ವೇಳೆ ಬದಲಾಗುತ್ತಿರುವುದರಿಂದ ಟಿಕೆಟ್ ತೆಗೆಸುವಾಗ ನೋಡಿಕೊಳ್ಳಿ. ಅದು ಸಿಗದಿದ್ದರೆ ಮೈಸೂರು–ಬೆಂಗಳೂರು ಮೇಲೆ ಮಯಿಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲಿನಲ್ಲಿ ತಂಜಾವೂರಿಗೆ ಇಳಿದು, ಅಲ್ಲಿನ ಬೃಹದೀಶ್ವರನ ಗುಡಿ ನೋಡಿಕೊಂಡು, ನಾಗಪಟ್ಟಣದ ಬಸ್ಸು ಹಿಡಿಯಿರಿ. ನಾಗಪಟ್ಟಣದಿಂದ ವೇಳಾಂಕಣಿ ಸುಮಾರು 12 ಕಿಲೋಮೀಟರ್. ವಸತಿಗೆ ಪುಣ್ಯಕ್ಷೇತ್ರದವರದೇ ಕೋಣೆಗಳಿವೆ, ಮುಂಚೆ ಕಾಯ್ದಿರಿಸಿ.

ಕಾಲದ ಬಗ್ಗೆ: ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಆ ಕರಾವಳಿಗೆ ಹಿಂಗಾರು ಮಳೆ, ಚಂಡಮಾರುತದ ಕಾಟ. 2018ರ ನವೆಂಬರಿನಲ್ಲಿ ‘ಗಜ’ ಅಪ್ಪಳಿಸಿದ್ದು ಅದೇ ಸೀಮೆಗೆ. ಮೇ ತಿಂಗಳು ಬೇಡವೇ ಬೇಡ. ಜನವರಿ, ಫೆಬ್ರವರಿ ಹಿತ.

ಆದರೆ ಜಂಗುಳಿ ತಪ್ಪಿಸುತ್ತೇವೆ ಅಂದಿರಲ್ಲ, ಅಲ್ಲಿ ನಾನು ನಿಮ್ಮೊಂದಿಗೆ ಜಗಳಕ್ಕೆ ನಿಲ್ಲುತ್ತೇನೆ. ಮೊಣಕಾಲು ಗಟ್ಟಿಯಿದ್ದರೆ ಒಮ್ಮೆಯಾದರೂ ಹಬ್ಬಕ್ಕೇ ಹೋಗಿ. ಕಟ್ಟಡ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ನೋಡಬೇಕಾದದ್ದು ಜನರನ್ನು. ಆಗಸ್ಟ್ 29ರ ಸಂಜೆ ಧ್ವಜ ಏರುತ್ತದೆ, ಸೆಪ್ಟೆಂಬರ್ 8ಕ್ಕೆ, ಮಾತೆ ಹುಟ್ಟಿದ ದಿನಕ್ಕೆ, ಇಳಿಯುತ್ತದೆ. ಆ ದಿನಾಂಕಕ್ಕೂ ಕಥೆಯಿದೆ: ಮಕಾವ್‌ನಿಂದ ಸಿಂಹಳಕ್ಕೆ ಹೊರಟಿದ್ದ ಪೋರ್ಚುಗೀಸ್ ನಾವಿಕರು ಬಿರುಗಾಳಿಗೆ ಸಿಕ್ಕಿ, ಬದುಕಿ ದಡ ಮುಟ್ಟಿದರೆ ಗುಡಿ ಕಟ್ಟುತ್ತೇವೆಂದು ಹರಕೆ ಹೊತ್ತರು. ದಡ ಸೇರಿದ್ದು ಸೆಪ್ಟೆಂಬರ್ 8ರಂದು. ಅವರು ತಂದುಕೊಟ್ಟ ಚೀನಾದ ಪಿಂಗಾಣಿ ತಟ್ಟೆಗಳು ಪೀಠದಲ್ಲಿ ಕೂಡಿಸಿರುವುದನ್ನು ಇವತ್ತಿಗೂ ತೋರಿಸುತ್ತಾರೆ. ಹಬ್ಬದ ಆ ದಿನಗಳಲ್ಲಿ ಕನ್ನಡದಲ್ಲೂ ಕೊಂಕಣಿಯಲ್ಲೂ ಬಲಿಪೂಜೆ, ಅಂದರೆ ಚರ್ಚಿನ ಮಾಸ್, ಇರುತ್ತದೆ. ಕಾವಿಯುಟ್ಟು ಬೆಂಗಳೂರಿನಿಂದ, ಕೋಲಾರದ ಚಿನ್ನದ ಗಣಿಯಿಂದ ಬರಿಗಾಲಲ್ಲಿ ನಡೆದು ಬಂದವರು, ಕಾಲಿಗೆ ಬಟ್ಟೆ ಸುತ್ತಿಕೊಂಡೇ ಹಾಡುವುದನ್ನು ಕೇಳಿ. ಸೆಪ್ಟೆಂಬರ್ 7ರ ರಾತ್ರಿ ತೇರು ಹೊರಡುವಾಗ ಮಾತ್ರ ಅಂಗಳದ ಅಂಚಿನಲ್ಲೇ ನಿಲ್ಲಿ, ನಡುವೆ ಹೋಗಬೇಡಿ.

*

ಗೆಳೆಯರೊಂದಿಗೆ ಹೋಗಿದ್ದೆ. ಪೂಜೆ ನಡೆಯುತ್ತಿತ್ತು. ಎಲ್ಲರೂ ಸಾಲಾಗಿ ಹೋಗಿ ಪ್ರಸಾದ ತೆಗೆದುಕೊಳ್ಳುತ್ತಿದ್ದರು, ನಾನೂ ನಿಂತೆ. ಫಾದರ್ ಏನೋ ಅಂದರು, ನಾನು ಸುಮ್ಮನೆ ಕೈ ಚಾಚಿದೆ, ಕೊಟ್ಟರು. ಮನೆಗೆ ತರೋಣವೆಂದು ಜೇಬಿಗೆ ಹಾಕುವಾಗ ಪಕ್ಕದ ಅಜ್ಜಿ ಕಿರುಚಿಬಿಟ್ಟರು. ನಾನು ಮಾಡಿದ್ದೇನು?
– ವಿದ್ಯಾರ್ಥಿ, ಮೈಸೂರು

ಅಜ್ಜಿಗೆ ನಿನ್ನ ಮೇಲೆ ಸಿಟ್ಟಲ್ಲ ತಮ್ಮಾ, ಎದೆ ಧಸಕ್ಕೆಂದಿರುತ್ತದೆ. ಅದು ಪಂಚಕಜ್ಜಾಯದ ಹಾಗೆ ಬಂದವರಿಗೆಲ್ಲ ಹಂಚುವ ಪ್ರಸಾದವಲ್ಲ. ಗುರುಗಳು ಬಲಿಪೂಜೆಯಲ್ಲಿ ಆ ರೊಟ್ಟಿಯನ್ನು ಅರ್ಪಿಸಿದ ಮೇಲೆ ಅದು ಕ್ರಿಸ್ತನ ಶರೀರವೇ ಎಂದು ನಾವು ನಂಬುತ್ತೇವೆ. ಪರಮಪ್ರಸಾದ ಎನ್ನುವುದು ಅದಕ್ಕೇ. ಗುರುಗಳು ‘ಕ್ರಿಸ್ತನ ಶರೀರ’ ಎಂದಾಗ ‘ಆಮೆನ್’ ಅನ್ನುವವನು ಆ ನಂಬಿಕೆಗೆ ರುಜು ಹಾಕಿದಂತೆ. ನಮ್ಮ ಮಕ್ಕಳಿಗೂ ತಯಾರಿ ಮಾಡಿಸದೆ ಕೊಡುವುದಿಲ್ಲ. ದೊಡ್ಡವರೂ ಪಾಪನಿವೇದನೆ ಮಾಡದೆ ಎಷ್ಟೋ ಸಲ ಬೆಂಚಿನಲ್ಲೇ ಉಳಿಯುತ್ತಾರೆ. ತೆಗೆದುಕೊಂಡವರು ಅಲ್ಲೇ ಸೇವಿಸಬೇಕು. ಜೇಬಿಗೆ ಹಾಕುವುದು, ಮನೆಗೆ ಒಯ್ಯುವುದು ಇಲ್ಲವೇ ಇಲ್ಲ.

ತಿಳಿಯದೆ ಆದದ್ದಕ್ಕೆ ಪ್ರಾಯಶ್ಚಿತ್ತ ಹುಡುಕಬೇಡ. ಮುಂದಿನ ಸಲ ಆ ಸಾಲು ಎದ್ದಾಗ ಕಾಲು ಸರಿಸಿ ದಾರಿ ಬಿಟ್ಟುಕೊಡು, ಕೂತಿರು. ನೀನು ಎದ್ದು ಹೋಗಲಿಲ್ಲವೆಂದು ಯಾರೂ ತಿರುಗಿ ನೋಡುವುದಿಲ್ಲ. ಹೊರಗಿನವರಿಗೆ ಅಲ್ಲಿ ಮುಚ್ಚಿದ ಬಾಗಿಲೆಂದರೆ ಅದೊಂದೇ. ಕೊಳದ ನೀರು, ಎಣ್ಣೆ, ಮೇಣದಬತ್ತಿ, ಕೈ ಮುಗಿಯುವುದು, ತೇರಿನ ಹಿಂದೆ ನಡೆಯುವುದು ಎಲ್ಲವೂ ನಿನಗೂ ಇದೆ. ಜನ ಎದ್ದಾಗ ಏಳು, ಕೂತಾಗ ಕೂರು. ಮಂಡಿಯೂರಲು ಮನಸ್ಸು ಬಾರದಿದ್ದರೆ ತಲೆ ತಗ್ಗಿಸಿ ಕೂತರೆ ಆಯಿತು. ಪೂಜೆಯ ಹೊತ್ತಿನಲ್ಲಿ ಮೊಬೈಲು ಚೀಲದಲ್ಲಿರಲಿ.

*

ಮೇರಿಗೆ ಸೀರೆ, ತೇರು, ಕಾವಿ, ಮುಡಿ, ಧ್ವಜದ ಕೊಡಿಮರ. ಎಲ್ಲ ನಮ್ಮದನ್ನೇ ಎತ್ತಿಕೊಂಡು ಜನರನ್ನು ಸೆಳೆಯುವ ಉಪಾಯ ಅಲ್ಲವೇ? ನೇರವಾಗಿ ಉತ್ತರಿಸಿ.
– ಹೆಸರು ಬೇಡವೆಂದವರು, ಶಿವಮೊಗ್ಗ

ನೇರವಾಗಿಯೇ ಹೇಳುತ್ತೇನೆ. ಉಪಾಯ ಮಾಡಿದ ಪಾದ್ರಿಗಳಿದ್ದರು, ಅದನ್ನು ಮುಚ್ಚಿಡುವುದಿಲ್ಲ. ತಮಿಳುನಾಡಿನಲ್ಲಿ ವೀರಮಾಮುನಿವರ್ ಎಂದೇ ಹೆಸರಾದ ಇಟಲಿಯ ಬೆಸ್ಕಿ, ಹದಿನೆಂಟನೇ ಶತಮಾನದಲ್ಲಿ ಕೋಣಾನ್‌ಕುಪ್ಪಂನಲ್ಲಿ ಮಾತೆಗೆ ತಮಿಳು ಹೆಂಗಸಿನ ಉಡುಗೆಯನ್ನೇ ಉಡಿಸಿದರು. ನಮ್ಮ ಶ್ರೀರಂಗಪಟ್ಟಣಕ್ಕೆ ಹದಿನೇಳನೇ ಶತಮಾನದಲ್ಲಿ ಬಂದ ಲಿಯೊನಾರ್ಡೊ ಚಿನ್ನಮಿ ಸನ್ಯಾಸಿ ವೇಷದಲ್ಲಿದ್ದು ಕನ್ನಡ ಕಲಿತು ಕನ್ನಡದಲ್ಲಿ ಬರೆದವರು. ಇವರ ಲೆಕ್ಕಾಚಾರದ ಬಗ್ಗೆ ನೀವು ತಕರಾರು ಮಾಡಬಹುದು.

ಆದರೆ ಮುಡಿ ಕೊಡಿಸಿದ್ದು ಯಾವ ಪಾದ್ರಿ? ನಮ್ಮಜ್ಜಿ ಕ್ರೈಸ್ತಳಾಗಿದ್ದಳು, ಜೊತೆಗೆ ಒಕ್ಕಲು ಮನೆಯ ಹೆಂಗಸೂ ಆಗಿದ್ದಳು. ಕೂಸಿಗೆ ಜ್ವರ ಬಂದರೆ ಅವಳಿಗೆ ಗೊತ್ತಿದ್ದ ಮಾತು ‘ತಲೆಗೂದಲು ಕೊಡ್ತೀನಿ ತಾಯಿ’. ಅದನ್ನು ಯಾರಿಂದಲೂ ಎತ್ತಿಕೊಂಡದ್ದಲ್ಲ, ಅವಳ ತಾಯಿಮನೆಯಿಂದ ಬಂದದ್ದು. ‘ನಮ್ಮದು’ ಅಂದಿರಲ್ಲ, ಅದರೊಳಗೆ ಅವಳೂ ಇದ್ದಾಳೆ.

ಇನ್ನೊಂದು ವಿಷಯ ನಿಮಗೆ ಹಿಡಿಸಬಹುದು, ಹಿಡಿಸದೆಯೂ ಇರಬಹುದು. 2024ರ ಆಗಸ್ಟ್‌ನಲ್ಲಿ ವ್ಯಾಟಿಕನ್‌ನ ಧರ್ಮಸಿದ್ಧಾಂತ ವಿಭಾಗ ವೇಳಾಂಕಣಿಯ ಭಕ್ತಿಯನ್ನು ಮೆಚ್ಚಿ ತಂಜಾವೂರಿನ ಬಿಷಪ್ಪರಿಗೆ ಪತ್ರ ಬರೆಯಿತು. ಬೇರೆ ಧರ್ಮದವರು ಬಂದು ಸಮಾಧಾನ ಕಾಣುವುದನ್ನು ಮತಗಳ ಕಲಬೆರಕೆ ಎಂದು ನೋಡಬಾರದೆಂಬ ಮಾತು ಅದರಲ್ಲಿದೆ. 1962ರಲ್ಲಿ ಪೋಪ್ 23ನೇ ಜಾನ್ ಆ ಗುಡಿಗೆ ಬೆಸಿಲಿಕಾ ಎಂಬ ವಿಶೇಷ ಗೌರವದ ಪದವಿ ಕೊಟ್ಟಾಗಲೂ ಇದೇ ಜನ ಇದೇ ರೀತಿ ಬರುತ್ತಿದ್ದರು. ಬಂದವರಲ್ಲಿ ಬಹುಪಾಲು ಜನ ತಲೆ ಬೋಳಿಸಿಕೊಂಡು ತಮ್ಮ ತಮ್ಮ ದೇವರ ಮನೆಗೇ ವಾಪಸ್ ಹೋಗುತ್ತಾರೆ. ತಿಪಟೂರಿನ ಅತ್ತೆಯವರನ್ನೇ ಕೇಳಿ ನೋಡಿ.

*

ಮಕ್ಕಳು ಕಡಲಲ್ಲಿ ಆಡಬೇಕೆಂದು ಕುಣಿಯುತ್ತಿದ್ದಾರೆ. ಹತ್ತಿರದಲ್ಲಿ ಬೇರೇನು ನೋಡಬಹುದು?
– ಶಾಲಾ ಶಿಕ್ಷಕಿ, ಚಿಕ್ಕಬಳ್ಳಾಪುರ

ಕಾಲು ಒದ್ದೆ ಮಾಡಿಕೊಳ್ಳಲಿ, ಅಷ್ಟೇ. ಆ ಕಡಲನ್ನು ನಾನು ನಂಬುವುದಿಲ್ಲ. 2004ರ ಡಿಸೆಂಬರ್ 26 ಭಾನುವಾರ, ಕ್ರಿಸ್ಮಸ್ ಮಾರನೆಯ ದಿನ. ಸುನಾಮಿ ಬಂದಾಗ ದಡದಲ್ಲಿದ್ದ ಯಾತ್ರಿಕರು, ಅಂಗಡಿಯವರು ನೂರಾರು ಜನ ಕೊಚ್ಚಿಹೋದರು. ಗುಡಿಯೊಳಗೆ ನೀರು ನುಗ್ಗಲಿಲ್ಲವೆಂದು ಜನ ಪವಾಡದಂತೆ ಹೇಳುತ್ತಾರೆ. ದಡದಲ್ಲಿ ಸತ್ತವರೂ ಅದೇ ತಾಯಿಯ ಹತ್ತಿರ ಬಂದವರಲ್ಲವೇ ಎಂದು ನನಗೆ ಅನಿಸುತ್ತದೆ, ಪವಾಡವೆಂಬ ಮಾತು ನನ್ನ ಬಾಯಲ್ಲಿ ಬರುವುದಿಲ್ಲ. ಅವರ ಸ್ಮಾರಕವಿದೆ, ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಿ.

ನಾಗಪಟ್ಟಣ ದಾಟಿದರೆ ನಾಗೂರಿನ ದರ್ಗಾ, ಪಕ್ಕದಲ್ಲಿ ಸಿಕ್ಕಲ್ ಮುರುಗನ ಗುಡಿ. ಆ ಕಡೆಯವರು ಮೂರನ್ನೂ ಒಂದೇ ದಿನ ಮುಗಿಸುತ್ತಾರೆ. ಕಾರೈಕಾಲಿನ ಬಳಿ ತಿರುನಳ್ಳಾರು ಶನಿದೇವರದು. ಶನಿವಾರ ಹೋಗಬೇಡಿ, ನಿಲ್ಲಲು ಜಾಗವಿರುವುದಿಲ್ಲ. ಇನ್ನೂ ಉತ್ತರಕ್ಕೆ ತರಂಗಂಬಾಡಿಯಲ್ಲಿ ಡೇನರು 1620ರಲ್ಲಿ ಕಟ್ಟಿಸಿದ ಕೋಟೆಯಿದೆ. ಮಕ್ಕಳಿಗೆ ಅದೇ ಹೆಚ್ಚು ಹಿಡಿಸುತ್ತದೆ ನೋಡಿ.

*

ನಮ್ಮಜ್ಜಿಗೆ ವಯಸ್ಸಾಗಿದೆ, ಅಷ್ಟು ದೂರ ಆಗದು. ಹರಕೆಯನ್ನು ಬೆಂಗಳೂರಿನಲ್ಲೇ ತೀರಿಸಬಹುದೇ?
– ಮೊಮ್ಮಗಳು, ಹಾಸನ

ತೀರಿಸಬಹುದು. ಶಿವಾಜಿನಗರದ ಸಂತ ಮರಿಯಮ್ಮನವರ ಬೆಸಿಲಿಕಾದಲ್ಲಿಯೂ ಮಾತೆ ಸೀರೆಯಲ್ಲೇ ನಿಂತಿದ್ದಾಳೆ, ಹಬ್ಬವೂ ಅದೇ ಸೆಪ್ಟೆಂಬರ್ 8ಕ್ಕೆ. ಆ ವಾರ ಮಾತ್ರ ಅಜ್ಜಿಯನ್ನು ಕರೆತರಬೇಡಿ, ರಸ್ತೆಯಲ್ಲಿ ಕಾಲಿಡಲು ಆಗುವುದಿಲ್ಲ. ಹಬ್ಬ ಕಳೆದು, ಸೋಮವಾರವೋ ಮಂಗಳವಾರವೋ ಬೆಳಿಗ್ಗೆ ಹತ್ತರ ಸುಮಾರಿಗೆ ಬನ್ನಿ. ಆಟೋದವರಿಗೆ ಬರೀ ಸೇಂಟ್ ಮೇರೀಸ್ ಅಂದರೆ ಬೇರೆಲ್ಲಿಗೋ ಕರೆದೊಯ್ದಾರು, ಆ ಹೆಸರಿನವು ಈ ಊರಲ್ಲಿ ಹಲವಿವೆ. ರಸೆಲ್ ಮಾರ್ಕೆಟ್ ಅನ್ನಿ, ಪಕ್ಕದಲ್ಲೇ ಇದೆ. ಹೂವನ್ನೂ ಅಲ್ಲೇ ಕೊಳ್ಳಿ.